ಕಾಣದ ಕೀಲು

ಕನ್ನಡದಲ್ಲಿ 'ಕೀಲು' ಎಂಬ ಪದಕ್ಕೆ ಎರಡು ಅರ್ಥಗಳುಂಟು. ಎರಡು ಭಾಗಗಳನ್ನು ಹಿಡಿದು ನಿಲ್ಲಿಸುವ ಮೊಳೆಯೂ ಕೀಲು. ಆ ಭಾಗಗಳು ಕೂಡುವ ಸಂದೂ ಕೀಲು. ಬಂಡಿಯ ಗಾಲಿ ಕಳಚದಂತೆ ತಡೆಯುವುದು ಕಡೆಗೀಲು. ಮುಪ್ಪಿನಲ್ಲಿ ಮೊಣಕಾಲನ್ನು ಕಾಡುವುದು ಕೀಲುನೋವು. ಕೂಡಿಸುವ ಸಾಧನವನ್ನೂ ಕೂಡುವ ಸ್ಥಾನವನ್ನೂ ಒಂದೇ ಹೆಸರಿನಿಂದ ಕರೆದವರಿಗೆ, ಕೀಲಿಲ್ಲದ ಕೂಡಿಕೆ ಕೂಡಿಕೆಯೇ ಅಲ್ಲವೆಂಬ ಅರಿವು ಇದ್ದಿರಬೇಕು. ಈ ಅರಿವಿಗೆ ದೂರದ ಒಂದು ಹವ್ಯಾಸದಲ್ಲಿ ಒಳ್ಳೆಯ ನಿದರ್ಶನ ದೊರೆಯುತ್ತದೆ. ಅದು ಮೇಜಿನ ಮೇಲಿನ ಯುದ್ಧದಾಟಕ್ಕಾಗಿ ಲೋಹದ ಕಿರುಗೊಂಬೆಗಳನ್ನು ಜೋಡಿಸುವ ಹವ್ಯಾಸ.

ಈ ಆಟಕ್ಕೆ ಯುರೋಪಿನಲ್ಲಿ ದೀರ್ಘವಾದ ಇತಿಹಾಸವಿದೆ. ಪುಟ್ಟ ಸೈನಿಕರನ್ನು ನಿಲ್ಲಿಸಿ ಆಡುವ ಯುದ್ಧದ ನಿಯಮಗಳನ್ನು ಇಂಗ್ಲಿಷ್ ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲಿ 'ಲಿಟಲ್ ವಾರ್ಸ್' ಎಂಬ ಪುಸ್ತಕವಾಗಿ ಪ್ರಕಟಿಸಿದನು. 1974ರಲ್ಲಿ ಅಮೆರಿಕದಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್', 1983ರಲ್ಲಿ ಇಂಗ್ಲೆಂಡಿನಲ್ಲಿ 'ವಾರ್‌ಹ್ಯಾಮರ್' ಬಂದ ಮೇಲೆ ಸೈನಿಕರ ಜೊತೆಗೆ ರಕ್ಕಸರೂ ರೆಕ್ಕೆಯ ಸರ್ಪಗಳೂ ಮೇಜನ್ನೇರಿದರು. ಮನುಷ್ಯಾಕೃತಿಯ ಗೊಂಬೆ ಸಾಮಾನ್ಯವಾಗಿ 28 ಮಿಲಿಮೀಟರಿನಷ್ಟು ಎತ್ತರ. ರಬ್ಬರಿನ ಅಚ್ಚನ್ನು ವೇಗವಾಗಿ ತಿರುಗಿಸುತ್ತ, ಕರಗಿದ ಲೋಹವನ್ನು ಅದರೊಳಗೆ ಹೊಯ್ದು ಇವುಗಳ ಎರಕ ತೆಗೆಯುತ್ತಾರೆ. ದೊಡ್ಡ ಆಕೃತಿಗಳು ಒಂದೇ ಎರಕದಲ್ಲಿ ಬರುವುದಿಲ್ಲ. ತೋಳು, ರೆಕ್ಕೆ, ಬಾಲಗಳು ಬಿಡಿಬಿಡಿಯಾಗಿ ಬರುತ್ತವೆ. ಕೊಂಡವನೇ ಅವನ್ನು ಜೋಡಿಸಿಕೊಳ್ಳಬೇಕು.

ಕೀಲಿನ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಪ್ಲಾಸ್ಟಿಕ್ಕಿನ ಗೊಂಬೆಗೆ ಹಚ್ಚುವ ಅಂಟು ಮೇಲ್ಮೈಯನ್ನೇ ಕರಗಿಸಿ ಎರಡು ತುಂಡುಗಳನ್ನು ಒಂದಾಗಿ ಬೆಸೆಯುತ್ತದೆ. ಲೋಹದಲ್ಲಿ ಅಂಥ ಬೆಸುಗೆ ಸಾಧ್ಯವಿಲ್ಲ. 'ಸೂಪರ್ ಗ್ಲೂ' ಎಂದು ಜನ ಕರೆಯುವ ಸಯನೊಅಕ್ರಿಲೇಟ್ ಅಂಟು ಎರಡು ಮೇಲ್ಮೈಗಳ ನಡುವೆ ಗಟ್ಟಿಯಾದ ತೆಳುಪದರವಾಗಿ ನಿಲ್ಲುತ್ತದೆ, ಅಷ್ಟೆ. ನೇರವಾಗಿ ಎಳೆದರೆ ಅದು ಚೆನ್ನಾಗಿ ತಡೆದುಕೊಳ್ಳುತ್ತದೆ. ಅಡ್ಡಲಾಗಿ ಬಿದ್ದ ಪೆಟ್ಟಿಗೆ ಗಾಜಿನಂತೆ ಸಿಡಿಯುತ್ತದೆ. ಸಾಲದ್ದಕ್ಕೆ ತವರವು ಪ್ಲಾಸ್ಟಿಕ್ಕಿಗಿಂತ ಏಳು ಪಟ್ಟು ಭಾರ. ಚಾಚಿದ ರೆಕ್ಕೆಯ ತೂಕವೆಲ್ಲ ಬೇಳೆಕಾಳಿನಷ್ಟು ಜಾಗದ ಮೇಲೆ ಬೀಳುತ್ತದೆ. ಇಂಥ ಗೊಂಬೆ ಮೇಜಿನಿಂದ ಒಮ್ಮೆ ಜಾರಿದರೆ ಸಾಕು, ರೆಕ್ಕೆ ಒಂದು ಕಡೆ, ಮೈ ಒಂದು ಕಡೆ.

ಇದಕ್ಕೆ ಪರಿಹಾರ ಒಳಗೀಲು. ಮೊದಲು ಅಚ್ಚಿನ ಗೆರೆಗಳನ್ನು ಅರದಿಂದ ಉಜ್ಜಿ, ಅಚ್ಚಿನಿಂದ ಬಂದ ಜಿಡ್ಡು ಹೋಗುವಂತೆ ಸಾಬೂನಿನ ನೀರಿನಲ್ಲಿ ತೊಳೆಯಬೇಕು. ಅಂಟಿಲ್ಲದೆ ತುಂಡುಗಳನ್ನು ಹೊಂದಿಸಿ ನೋಡಬೇಕು. ಒಂದು ತುಂಡಿನ ಕೂಡುಮುಖದಲ್ಲಿ ಬಣ್ಣದ ಚುಕ್ಕೆಯಿಟ್ಟು ಇನ್ನೊಂದನ್ನು ಒತ್ತಿದರೆ ಗುರುತು ಎರಡರಲ್ಲಿಯೂ ಮೂಡುತ್ತದೆ. ಆ ಗುರುತಿನಲ್ಲಿ ಒಂದು ಮಿಲಿಮೀಟರಿನ ಕೈಬೈರಿಗೆಯಿಂದ ನಿಧಾನವಾಗಿ ತೂತು ಕೊರೆಯಬೇಕು. ಆತುರಪಟ್ಟರೆ ಮೆದುವಾದ ಲೋಹ ಬೈರಿಗೆಯ ಮೊನೆಯನ್ನು ಕಚ್ಚಿ ಹಿಡಿಯುತ್ತದೆ, ಮೊನೆ ಒಳಗೇ ಮುರಿಯುತ್ತದೆ. ಬಳಿಕ ಹಿತ್ತಾಳೆಯ ತಂತಿಯನ್ನೋ ಕಾಗದಕ್ಕೆ ಸಿಕ್ಕಿಸುವ ಕ್ಲಿಪ್ಪಿನ ತುಂಡನ್ನೋ ಕೂರಿಸಿ, ಅಂಟು ಹಚ್ಚಿ ಎರಡನ್ನೂ ಸೇರಿಸಬೇಕು. ಉಳಿದ ಸಂದನ್ನು ಎಪಾಕ್ಸಿ ಪುಟ್ಟಿಯಿಂದ ಮುಚ್ಚಿ ಬಣ್ಣ ಬಳಿದರೆ ಕೆಲಸ ಪೂರ್ಣ. ಆಮೇಲೆ ಆ ಕೀಲು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಪೆಟ್ಟು ಬಿದ್ದಾಗ ಅದನ್ನು ತಾಳುವುದು ಆ ತಂತಿ, ಅಂಟಿನ ಪದರವಲ್ಲ.

ಇಷ್ಟು ಶ್ರಮ ಇಂದು ಅಗತ್ಯವೇ ಎಂದು ಕೇಳುವವರಿದ್ದಾರೆ. ಅವರ ವಾದವನ್ನು ತಳ್ಳಿಹಾಕುವಂತಿಲ್ಲ. ಹಳೆಯ ಗೊಂಬೆಗಳಲ್ಲಿ ಸೀಸವಿರುತ್ತಿತ್ತು. ಅದು ಮಕ್ಕಳ ಮೆದುಳಿಗೆ ವಿಷವೆಂಬ ಕಾರಣದಿಂದಲೇ 1990ರ ದಶಕದಲ್ಲಿ ತಯಾರಕರು ಸೀಸವಿಲ್ಲದ ತವರದ ಮಿಶ್ರಲೋಹಕ್ಕೆ ಹೊರಳಿದರು. ತವರ ದುಬಾರಿ. ಪ್ಲಾಸ್ಟಿಕ್ ಹಗುರ, ಅದರಲ್ಲಿ ಸೂಕ್ಷ್ಮ ಕೆತ್ತನೆಯೂ ಸಾಧ್ಯ, ಹೊಸಬರ ಕೈಗೂ ಒಗ್ಗುತ್ತದೆ. ಹತ್ತು ವರ್ಷದ ಹುಡುಗಿಯೊಬ್ಬಳು ಒಂದು ಸಂಜೆಯಲ್ಲಿ ಹತ್ತು ಗೊಂಬೆಗಳನ್ನು ಜೋಡಿಸಿ ಆಟಕ್ಕಿಳಿಯಬಹುದಾದರೆ, ಅದನ್ನು ಅವನತಿಯೆಂದು ಕರೆಯುವುದು ಹಿರಿಯರ ಬಿಂಕವಷ್ಟೆ. ಲೋಹವೇ ಶ್ರೇಷ್ಠ, ಪ್ಲಾಸ್ಟಿಕ್ ಕೀಳು ಎಂಬ ಹಳಬರ ಹಟದಲ್ಲಿ ಹುರುಳಿಲ್ಲ.

ಆದರೂ ವಸ್ತು ಬದಲಾಯಿತೆಂದು ವಿದ್ಯೆಯನ್ನೂ ಕೈಬಿಡುವುದು ಬೇರೆ ಮಾತು. ಮೂವತ್ತು ನಲವತ್ತು ವರ್ಷ ಹಳೆಯ ಲೋಹದ ಗೊಂಬೆಗಳು ಇಂದಿಗೂ ಕೈಯಿಂದ ಕೈಗೆ ಸಾಗುತ್ತಿವೆ. ಬರಿಯ ಅಂಟಿನಿಂದ ನಿಂತವು ಒಂದೊಂದಾಗಿ ಮುರಿಯುತ್ತವೆ. ಕೀಲು ಹೊಡೆಯಲು ಬಲ್ಲವನಿದ್ದರೆ ಮಾತ್ರ ಅವು ಮತ್ತೆ ನಿಲ್ಲುತ್ತವೆ. ಸೀಸದ ಹಳೆಯ ಗೊಂಬೆಯನ್ನು ಉಜ್ಜುವಾಗ ಧೂಳು ಒಳಹೋಗದಂತೆ ಮುಖಗವಸು ಧರಿಸಬೇಕು, ಕೈತೊಳೆಯದೆ ಊಟಕ್ಕೆ ಕೂರಬಾರದು ಎಂಬ ತಿಳಿವೂ ಆ ವಿದ್ಯೆಯ ಭಾಗವೇ. ದುರಸ್ತಿಯ ವಿದ್ಯೆ ಅಳಿದರೆ ಮುರಿದದ್ದೆಲ್ಲ ಕಸವಾಗುತ್ತದೆ. ಹಿಂದಿನವರು ತಿಂಗಳುಗಟ್ಟಲೆ ಕುಳಿತು ಬಳಿದ ಬಣ್ಣವೂ ಅದರೊಂದಿಗೆ ತಿಪ್ಪೆ ಸೇರುತ್ತದೆ.

ಇದು ಗೊಂಬೆಯಾಟದವರ ಚಪಲವೆಂದು ನಗುವವರು ಶಿಲ್ಪದ ಇತಿಹಾಸವನ್ನು ನೋಡಬೇಕು. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಮಿಲೋದ ವೀನಸ್ ಒಂದೇ ಕಲ್ಲಿನದಲ್ಲ. ಬೇರೆಬೇರೆಯಾಗಿ ಕೆತ್ತಿದ ಭಾಗಗಳನ್ನು ಗ್ರೀಕ್ ಶಿಲ್ಪಿಗಳು ಒಳಗೂಟಗಳಿಂದ ಕೂಡಿಸಿದ್ದರು. ನಮ್ಮ ಬಡಗಿಯೂ ಬಾಗಿಲುವಾಡದ ಮೂಲೆಗೆ ಮರದ ಬೆಣೆ ಬಡಿದು, ಮೇಲೆ ಉಜ್ಜಿ ಮಟ್ಟ ಮಾಡುತ್ತಾನೆ. ನೋಡುವವರ ಮೆಚ್ಚುಗೆಗಾಗಿ ಮಾಡಿದ ಕೆಲಸ ಇದಲ್ಲ. ವಸ್ತು ಬಾಳಲಿ ಎಂದು ಮಾಡಿದ್ದು.

ಆದ್ದರಿಂದ ಈ ಹವ್ಯಾಸಕ್ಕೆ ಬರುವ ಎಳೆಯರಿಗೆ ಹಿರಿಯರು ನೀಡಬೇಕಾದ ಸಲಹೆ ಒಂದೇ. ಪ್ಲಾಸ್ಟಿಕ್ಕಿನ ಸೈನ್ಯವನ್ನು ಸಂತೋಷದಿಂದ ಕಟ್ಟಲಿ. ಜೊತೆಗೆ ಲೋಹದ ಒಂದು ಗೊಂಬೆಯನ್ನಾದರೂ ಕೊರೆದು, ಕೀಲಿಟ್ಟು ಜೋಡಿಸಲಿ. ಒಂದು ಸಂಜೆ ಹೋಗಬಹುದು, ಬೈರಿಗೆಯ ಒಂದೆರಡು ಮೊನೆ ಮುರಿಯಬಹುದು. ಅಷ್ಟರಲ್ಲಿ ಯಾವ ಸಂದಿಗೆ ಅಂಟು ಸಾಕು, ಯಾವುದಕ್ಕೆ ಕೀಲು ಬೇಕು ಎಂಬ ವಿವೇಕ ಬೆರಳಿಗೆ ಬಂದಿರುತ್ತದೆ. ಓದಿ ತಿಳಿಯುವ ವಿವೇಕವಲ್ಲ ಅದು.