ಕಾಯಿಪಲ್ಲೆ ಬೆಳೆಗಾರರಿಗೆ ಪೇಟೆಯ ಆಸರೆ



ಅಂಜನಾಪುರ ಜಲಾಶಯದ ನಾಲೆಗಳು ಶಿಕಾರಿಪುರದ ಗದ್ದೆಗಳಿಗೂ, ಪೂರ್ವಿಕರು ಕಟ್ಟಿಸಿದ ಕೆರೆಗಳು ಸೊರಬದ ಬಯಲಿಗೂ ನೀರುಣಿಸುತ್ತಿರಲು, ಭತ್ತದ ಕೊಯ್ಲಿನ ತರುವಾಯ ಬದನೆ, ಬೆಂಡೆ, ಅಲಸಂದೆಗಳನ್ನು ಬೆಳೆಯುವ ಅರ್ಧ ಎಕರೆಯ ಒಕ್ಕಲಿಗನಿಗೆ ಭೂಮಿಯಾಗಲಿ ಜಲವಾಗಲಿ ಶತ್ರುವಲ್ಲ, ಪೇಟೆಯೇ ಶತ್ರು. ಶಿರಾಳಕೊಪ್ಪದ ಸಂತೆಯಲ್ಲಿ ಮುಂಜಾನೆ ಮಿರುಗುತ್ತಿದ್ದ ಬದನೆ ಮಧ್ಯಾಹ್ನಕ್ಕೆ ತೊಟ್ಟು ಬಾಡಲಾಗಿ, ಮರಳಿ ಹೊತ್ತೊಯ್ಯುವ ಬಾಡಿಗೆಗೆ ಅಂಜಿದ ರೈತನು ಕೇಳಿದ ದರಕ್ಕೆ ಚೀಲವನ್ನೇ ಸುರಿದುಬಿಡುವನು. ಇಂಥವನು ದರ ಏರಿಳಿಯುವ ಶುಂಠಿ ಬೆಳೆಯ ಜೂಜಿಗೆ ಇಳಿದರೆ ದೂಷಿಸುವುದೆಂತು?

ಇದಕ್ಕೊಂದು ದಾರಿ ಮೊದಲೇ ಉಂಟು. 1959ರಲ್ಲಿ ತೋಟಗಾರಿಕಾ ತಜ್ಞ ಡಾ. ಎಂ. ಎಚ್. ಮರಿಗೌಡರ ಮುಂದಾಳುತನದಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರು ಕಟ್ಟಿದ ಸಹಕಾರ ಸಂಘವೇ ಮುಂದೆ ಹಾಪ್‌ಕಾಮ್ಸ್ ಆಗಿ ಬೆಳೆದು, ಬೆಳೆಗಾರನಿಂದ ಫಸಲನ್ನು ನೇರವಾಗಿ ಕೊಂಡು ಮಾರುವ ಪದ್ಧತಿಯನ್ನು ರೂಢಿಗೆ ತಂದಿತು. ಆ ಮಾದರಿಯು ಮಲೆನಾಡಿನ ಸೆರಗಿನ ಈ ತಾಲ್ಲೂಕುಗಳಿಗೆ ಅಸಾಧ್ಯವೆಂದು ನನಗೆ ತೋರದು. ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯವು ರೋಗರಹಿತ ಸಸಿಗಳನ್ನೂ, ಬದನೆಯ ಕಾಯಿಕೊರಕದ ಪತಂಗಗಳನ್ನು ಸೆಳೆದು ಹಿಡಿಯುವ ಮೋಹಕ ಬಲೆಗಳನ್ನೂ ರೈತರ ಹೊಲಗಳಲ್ಲಿಯೇ ಪ್ರಯೋಗಿಸಿ ತೋರಿಸಲಿ. ತೋಟಗಾರಿಕೆ ಇಲಾಖೆಯು ಆನವಟ್ಟಿ, ಶಿರಾಳಕೊಪ್ಪಗಳಲ್ಲಿ ಒಂದೊಂದು ತೂಕದ ಕಟ್ಟೆಯನ್ನು ತೆರೆದು, ನಸುಕಿಗೆ ಶಿವಮೊಗ್ಗೆಗೆ ಹೊರಡುವ ವಾಹನವೊಂದನ್ನು ಬರುವ ಬೇಸಗೆಯ ಬೆಳೆಗೆ ಮುನ್ನವೇ ಏರ್ಪಡಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ಓರ್ವ ಬೆಳೆಗಾರ, ಸೊರಬ ತಾಲ್ಲೂಕು