ಬೀದಿಯ ಮೂಲೆಯ ಮನುಷ್ಯ

ಅಪಾರವಾದ ಹಣ, ಎಡೆಬಿಡದ ಪ್ರಚಾರ, ಅಭಿಮಾನಿಗಳ ದೊಡ್ಡ ಬಳಗ—ಎಲ್ಲವೂ ಇದ್ದು ಅತಿಮಾನವ ವೀರರ ಕೆಲವು ಚಲನಚಿತ್ರಗಳು ಜನಸಾಮಾನ್ಯರ ಮನಸ್ಸನ್ನು ಗೆಲ್ಲಲಾರದೆ ಹೋಗುವುದೇಕೆ? ಮೂಲಕ್ಕೆ ದ್ರೋಹ ಬಗೆದುದೇ ಕಾರಣವೆಂದು ಅಭಿಮಾನಿಗಳು ದೂರುವುದುಂಟು. 2009ರಲ್ಲಿ ತೆರೆಕಂಡ ‘ವಾಚ್‌ಮೆನ್’ ಚಿತ್ರವನ್ನು ನೋಡಿದವರು ಈ ಉತ್ತರವನ್ನು ಅಷ್ಟು ಸುಲಭವಾಗಿ ಒಪ್ಪಲಾರರು.

ಆಲನ್ ಮೂರ್ ಬರೆದು ಡೇವ್ ಗಿಬನ್ಸ್ ಚಿತ್ರಿಸಿದ ಈ ಚಿತ್ರಕಥೆ 1986–87ರಲ್ಲಿ ಹನ್ನೆರಡು ಸಂಚಿಕೆಗಳಾಗಿ ಹೊರಬಂದಿತು. ವೇಷ ತೊಟ್ಟು ನ್ಯಾಯ ನೀಡಹೊರಟವರ ಅಹಂಕಾರವನ್ನೂ ಒಂಟಿತನವನ್ನೂ ಬಿಚ್ಚಿಡುವ ಕೃತಿ ಅದು. ಪುಟಕ್ಕೆ ಒಂಬತ್ತು ಚೌಕಗಳು. ಭೂತ, ವರ್ತಮಾನ, ಭವಿಷ್ಯತ್ತುಗಳು ಅಕ್ಕಪಕ್ಕದಲ್ಲಿಯೇ ಕುಳಿತಿರುತ್ತವೆ. ಓದುಗ ಬೇಕೆಂದಾಗ ನಿಲ್ಲುತ್ತಾನೆ, ಪುಟವನ್ನು ಹಿಂದಕ್ಕೆ ಮಗುಚುತ್ತಾನೆ. ಚಿತ್ರಮಂದಿರದಲ್ಲಿ ಕುಳಿತವನಿಗೆ ಈ ಸ್ವಾತಂತ್ರ್ಯವೆಲ್ಲಿ?

ನಿರ್ದೇಶಕ ಝ್ಯಾಕ್ ಸ್ನೈಡರ್ ಎಷ್ಟೋ ಚೌಕಗಳನ್ನು ಇದ್ದಂತೆಯೇ ತೆರೆಯ ಮೇಲೆ ನಿಲ್ಲಿಸಿದರು. ಅವರ ಶ್ರದ್ಧೆಯನ್ನು ಅಲ್ಲಗಳೆಯಲಾಗದು. (ಮೂರ್ ಅವರಂತೂ ತಮ್ಮ ಹೆಸರನ್ನೇ ಚಿತ್ರದಲ್ಲಿ ಹಾಕಗೊಡಲಿಲ್ಲ.) ಅಮೆರಿಕದಲ್ಲಿ ಮೊದಲ ವಾರಾಂತ್ಯ ಸುಮಾರು 5.5 ಕೋಟಿ ಡಾಲರು ಗಳಿಸಿದ ಚಿತ್ರ, ಎರಡನೆಯ ವಾರಾಂತ್ಯದಲ್ಲಿ ಎರಡು ಕೋಟಿಯನ್ನೂ ಮುಟ್ಟಲಿಲ್ಲ. ಕಾದು ಕುಳಿತಿದ್ದವರು ಮೊದಲೇ ಬಂದು ನೋಡಿ ಹೋದರು. ಬಾಯಿಮಾತು ಕೇಳಿ ಬರಬೇಕಾದವರು ಬರಲಿಲ್ಲ. ಚಿತ್ರ ವಯಸ್ಕರಿಗೆಂದೇ ಇದ್ದುದೂ ಒಂದು ತೊಡಕು, ನಿಜ. ಆದರೆ ಅದೊಂದೇ ಸಾಲದು.

ಮೂಲದಲ್ಲಿ ನ್ಯೂಯಾರ್ಕಿನ ಒಂದು ಬೀದಿಮೂಲೆಯಿದೆ. ಅಲ್ಲೊಬ್ಬ ಪತ್ರಿಕೆ ಮಾರುವವನು, ದಿನವೂ ಯುದ್ಧದ ಸುದ್ದಿಯನ್ನು ಹರಟುತ್ತಾನೆ. ಪಕ್ಕದಲ್ಲಿ ಕಾಸು ಕೊಡದೆ ಕಡಲುಗಳ್ಳರ ಕಥೆಯನ್ನು ಓದುತ್ತ ಕೂರುವ ಹುಡುಗ. ಕಥೆಯ ಕೊನೆಯಲ್ಲಿ ಊರು ನಾಶವಾಗುವಾಗ ಇಬ್ಬರೂ ಪರಸ್ಪರ ತಬ್ಬಿಕೊಂಡು ಸಾಯುತ್ತಾರೆ. ಲಕ್ಷಾಂತರ ಜನ ಸತ್ತರೆಂಬ ಮಾತು ಓದುಗನ ಎದೆಗೆ ತಟ್ಟುವುದು ಇವರಿಬ್ಬರಿಂದ. ಚಿತ್ರಮಂದಿರಕ್ಕೆ ಬಂದ 162 ನಿಮಿಷಗಳ ಆವೃತ್ತಿಯಲ್ಲಿ ಈ ಬೀದಿಯ ಬದುಕು ಬಹುಪಾಲು ಕಳಚಿಬಿದ್ದಿದೆ. ವೀರರ ಹೊಡೆದಾಟ ಮಾತ್ರ ನಿಧಾನಗತಿಯಲ್ಲಿ ಹಿಗ್ಗಿದೆ. ಊರು ಬೂದಿಯಾದರೂ ಹೊಸಬನಾದ ಪ್ರೇಕ್ಷಕನಿಗೆ ಮರುಗಲು ಯಾರೂ ಸಿಗುವುದಿಲ್ಲ. ಪುಟವನ್ನು ಬಲ್ಲವನು ತನ್ನ ನೆನಪಿನಿಂದ ಆ ಬಿರುಕನ್ನು ತುಂಬಿಕೊಳ್ಳುತ್ತಾನೆ.

1978ರಲ್ಲಿ ಭರ್ಜರಿ ಯಶಸ್ಸು ಕಂಡ ರಿಚರ್ಡ್ ಡಾನರ್ ಅವರ ‘ಸೂಪರ್‌ಮ್ಯಾನ್’ ಮೂಲವನ್ನು ಇಷ್ಟು ನಿಷ್ಠೆಯಿಂದ ಅನುಸರಿಸಿದ್ದಲ್ಲ. ಅದರಲ್ಲಿ ಸಾಕುತಂದೆ ಹೃದಯಾಘಾತದಿಂದ ಹೊಲದ ಮನೆಯ ಮುಂದೆಯೇ ಕುಸಿದು ಸಾಯುತ್ತಾನೆ. ಅಷ್ಟೆಲ್ಲ ಶಕ್ತಿಯಿದ್ದೂ ತಂದೆಯನ್ನು ಉಳಿಸಿಕೊಳ್ಳಲಾಗದ ಮಗನ ಸಂಕಟವನ್ನು ತಿಳಿಯಲು ಯಾವ ಹಳೆಯ ಸಂಚಿಕೆಯೂ ಬೇಕಿಲ್ಲ.

‘ವಾಚ್‌ಮೆನ್’ ಬಿಟ್ಟುಬಿಟ್ಟ ಪತ್ರಿಕೆ ಮಾರುವವನೂ ಹುಡುಗನೂ ಅದೇ ವರ್ಷ 215 ನಿಮಿಷಗಳ ಇನ್ನೊಂದು ಆವೃತ್ತಿಯಲ್ಲಿ ಮರಳಿ ಬಂದರು. ಅದು ಮನೆಯಲ್ಲಿ ನೋಡಲು ಕೊಳ್ಳುವವರಿಗಾಗಿ ಸಿದ್ಧವಾದದ್ದು.