ಬನಹಟ್ಟಿಯ ಚಾದರ, ತೆಹರಾನಿನ ಚಾದರ

2022ರ ಸೆಪ್ಟೆಂಬರಿನಲ್ಲಿ ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೋ ಬಂತು. ಇರಾನಿನ ಯಾವುದೋ ಊರಿನ ಬೀದಿ, ರಾತ್ರಿ ಹೊತ್ತು. ನಡುವೆ ಬೆಂಕಿ. ಹುಡುಗಿಯರು ಒಬ್ಬೊಬ್ಬರಾಗಿ ಕುಣಿಯುತ್ತಾ ಬಂದು, ತಲೆಯ ಮೇಲಿನ ವಸ್ತ್ರವನ್ನು ಬೆಂಕಿಗೆ ಎಸೆದು ಹೋಗುತ್ತಾರೆ. ಸುತ್ತ ನಿಂತವರು ಚಪ್ಪಾಳೆ ಹೊಡೆಯುತ್ತಾರೆ. ಅದರ ಕೆಳಗೆ ಜಮಖಂಡಿಯ ನಮ್ಮ ಮಾಮಾ ಬರೆದಿದ್ದರು: "ನೋಡ್ರಿ, ಅವರ ದೇಶದಾಗ ಅವರೇ ಸುಡಾಕತ್ತಾರ. ನಮ್ಮಲ್ಲಿ ಮಾತ್ರ ಬೇಕಂತ ಗುದ್ದಾಡ್ತಾರ."

ಹದಿನೇಳು ಹೆಬ್ಬೆರಳು ಬಿದ್ದವು. ಅದರಲ್ಲಿ ಒಂದು ನನ್ನದು.

ಅಷ್ಟಕ್ಕೇ ಬಿಡಲಿಲ್ಲ. ಅದೇ ವಿಡಿಯೋವನ್ನು ನನ್ನ ಸ್ಟೇಟಸ್ಸಿಗೂ ಹಾಕಿ, ಮೇಲೊಂದು ಸ್ವಾತಂತ್ರ್ಯದ ಸಾಲು ಬರೆದೆ. ಏನು ಬರೆದಿದ್ದೆ ಅಂತ ಇಲ್ಲಿ ಹೇಳುವುದಿಲ್ಲ, ಈಗ ನಾಚಿಕೆ ಆಗುತ್ತದೆ. ಸಂಜೆ ನಮ್ಮ ಓಣಿಯ ಹುಡುಗಿಯೊಬ್ಬಳಿಂದ ಉತ್ತರ ಬಂತು. "ಚಲೋ ಅದ ಅಣ್ಣಾ." ಅಷ್ಟೇ.

ಇರಾನ್ ಮತ್ತೆ ಮತ್ತೆ ಸುದ್ದಿಯಾಗುತ್ತಿದೆ. ಊರಿಗೆ ಹೋದಾಗಲೆಲ್ಲ ಚಹಾದಂಗಡಿಯಲ್ಲಿ ಆ ಮಾತು ಬಂದೇ ಬರುತ್ತದೆ. ಪ್ರತಿ ಸಲವೂ ನನಗೆ ನೆನಪಾಗುವುದು ಖೊಮೇನಿ, ಅಣುಬಾಂಬು, ಚಾಬಹಾರ್ ಯಾವುದೂ ಅಲ್ಲ. ಆ ಮೂರು ಪದ. ಅದಕ್ಕೇ ಬಹಳ ದಿನದಿಂದ ಬರೆಯಬೇಕು ಅಂದುಕೊಂಡಿದ್ದನ್ನು ಇವತ್ತು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆದೀತು, ಹೊಟ್ಟೆಗೆ ಹಾಕಿಕೊಳ್ಳಿ :)

ಮೊದಲು ನಮ್ಮೂರ ಕಥೆ. 2022ರ ಫೆಬ್ರವರಿಯಲ್ಲಿ ನಾನು ಬನಹಟ್ಟಿಯಲ್ಲೇ ಇದ್ದೆ. ಕೋವಿಡ್ ಪುಣ್ಯದಿಂದ ಮನೆಯಿಂದಲೇ ಕೆಲಸ. ಕೆಳಗೆ ಅಪ್ಪನ ನಾಲ್ಕು ಪಾವರ್‌ಲೂಮು ಖಟಖಟ ಅನ್ನುತ್ತಿದ್ದರೆ, ಮೇಲಿನ ಕೋಣೆಯಲ್ಲಿ ನಾನು ಮೈಕ್ ಮ್ಯೂಟ್ ಮಾಡಿಕೊಂಡು ಮೀಟಿಂಗಿನಲ್ಲಿ ಕೂತಿರುತ್ತಿದ್ದೆ. ಮಗ್ಗದ ಸದ್ದು ಕೇಳಿ ಮ್ಯಾನೇಜರು ಒಮ್ಮೆ, ನಿಮ್ಮನೆ ಹತ್ತಿರ ರೈಲ್ವೆ ಸ್ಟೇಷನ್ ಇದೆಯಾ ಅಂತ ಕೇಳಿದ್ದರು.

ಉಡುಪಿಯ ಕಾಲೇಜಿನಲ್ಲಿ 2021ರ ಡಿಸೆಂಬರಿನಲ್ಲಿ ಶುರುವಾದ ಹಿಜಾಬ್ ಜಗಳ ಎರಡು ತಿಂಗಳಲ್ಲಿ ಇಡೀ ರಾಜ್ಯಕ್ಕೆ ಹಬ್ಬಿತು. ಫೆಬ್ರವರಿ 5ಕ್ಕೆ ಸರ್ಕಾರ ಆದೇಶ ಹೊರಡಿಸಿತು. ಕಾಲೇಜು ಗೊತ್ತುಮಾಡಿದ ಸಮವಸ್ತ್ರ ಹಾಕಬೇಕು; ಅದಿಲ್ಲದ ಕಡೆ ಸಮಾನತೆಗೆ, ಸಾರ್ವಜನಿಕ ಸುವ್ಯವಸ್ಥೆಗೆ ಭಂಗ ತರುವ ಬಟ್ಟೆ ಹಾಕಬಾರದು. ಫೆಬ್ರವರಿ 8ಕ್ಕೆ ಮಂಡ್ಯದ ವಿಡಿಯೋ ದೇಶವೆಲ್ಲ ನೋಡಿತು. ಅದೇ ದಿನ ನಮ್ಮ ಬನಹಟ್ಟಿಯಲ್ಲೂ ಕಲ್ಲು ತೂರಾಟ ಆಯಿತು, ಪೊಲೀಸರು ಲಾಠಿ ಬೀಸಿದರು. ಮುಖ್ಯಮಂತ್ರಿ ಬೊಮ್ಮಾಯಿ ಮೂರು ದಿನ ಶಾಲೆ-ಕಾಲೇಜಿಗೆ ರಜೆ ಕೊಟ್ಟರು. ನಮ್ಮವ್ವ ಬಾಗಿಲು ಹಾಕಿಕೊಂಡು ಕೂತಿದ್ದಳು. ಅಪ್ಪ ಮಗ್ಗ ನಿಲ್ಲಿಸಿದ. ಹಬ್ಬ, ಕರೆಂಟು ಹೋದಾಗ ಬಿಟ್ಟರೆ ನಮ್ಮ ಓಣಿಯಲ್ಲಿ ಆ ಪರಿ ಮೌನ ನಾನು ಕೇಳಿದ್ದು ಅವತ್ತೇ.

ಆ ಹುಡುಗಿ ಬಂದಿದ್ದು ಮರುದಿನ. ಅವಳ ಅವ್ವ ನಮ್ಮನೆ ಮಗ್ಗಕ್ಕೆ ಕಂಡಿಕಿ ಸುತ್ತಿ ಕೊಡುತ್ತಾಳೆ, ಅಪ್ಪ ಕೂಲಿ ನೇಕಾರ. ಅವಳು ಆಗ ಪಿಯುಸಿ ಸೈನ್ಸ್. ಫಿಸಿಕ್ಸ್ ಲೆಕ್ಕ ಕೇಳಲು ಆಗಾಗ ನನ್ನ ಹತ್ತಿರ ಬರುತ್ತಿದ್ದಳು. ಚುರುಕಿನ ಹುಡುಗಿ, ನನಗೇ ಮರೆತುಹೋದ ಸೂತ್ರಗಳನ್ನು ನೆನಪಿಸುತ್ತಿದ್ದಳು. ಅವತ್ತು ಪುಸ್ತಕ ತಂದಿರಲಿಲ್ಲ. "ಅಣ್ಣಾ, ಕಾಲೇಜ್ ಚಾಲೂ ಆದ್ರ ಹೋಗ್ಲ್ಯೋ ಬ್ಯಾಡೋ?" ಅಂತ ಕೇಳಿದಳು. ನಾನು, "ಸ್ವಲ್ಪ ದಿನ ತಡಿ, ಕೋರ್ಟಿನಾಗ ಏನಾಗ್ತದ ನೋಡೋಣು" ಅಂದೆ. ಇಂಜಿನಿಯರ್ ಅಣ್ಣ ಹೇಳಿದ ಅಂತ ತಡೆದಳು.

ಮಾರ್ಚ್ 15ಕ್ಕೆ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆ ಅಲ್ಲ ಅಂತ ಹೇಳಿ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು. ಅವಳು ಕಾಲೇಜಿಗೆ ಮತ್ತೆ ಹೋಗಲಿಲ್ಲ. ಅಪ್ಪ ಬೇಡ ಅಂದ. ಮೊದಲೇ ಅವನಿಗೆ ಓದಿಸುವ ಮನಸ್ಸು ಅರ್ಧ ಇತ್ತು, ಇದು ಒಳ್ಳೆ ನೆಪ ಆಯಿತು. ಏಳು ತಿಂಗಳು ಕಳೆದ ಮೇಲೆ ಅವಳ ಮೊಬೈಲಿನಲ್ಲಿ ನನ್ನ ಸ್ಟೇಟಸ್ಸು ಬಂತು, ಇರಾನಿನ ಹುಡುಗಿಯರಿಗೆ ನನ್ನ ಬೆಂಬಲ!

ಈಗ ಇರಾನಿಗೆ ಬರುತ್ತೇನೆ. ಆ ವಿಡಿಯೋದ ಹಿಂದೆ ಇದ್ದದ್ದು ಮಹ್ಸಾ ಅಮೀನಿ ಎಂಬ 22 ವರ್ಷದ ಕುರ್ದ್ ಹುಡುಗಿ. ಮನೆಯಲ್ಲಿ ಕರೆಯುತ್ತಿದ್ದದ್ದು ಜೀನಾ ಅಂತ. ಸಕ್ಕೆಜ್ ಎಂಬ ಊರಿನವಳು, ರಾಜಧಾನಿ ತೆಹರಾನಿಗೆ ಬಂದಿದ್ದಳು. ಸೆಪ್ಟೆಂಬರ್ 13ರಂದು ಹಿಜಾಬ್ ಸರಿಯಾಗಿ ಹಾಕಿಲ್ಲ ಅಂತ ನೀತಿ ಪೊಲೀಸರು ಹಿಡಿದುಕೊಂಡು ಹೋದರು. 16ಕ್ಕೆ ಆಸ್ಪತ್ರೆಯಲ್ಲಿ ತೀರಿಕೊಂಡಳು. ಮೊದಲೇ ಕಾಯಿಲೆ ಇತ್ತು ಅಂತ ಸರ್ಕಾರ ಹೇಳಿತು. ಅವಳ ಮನೆಯವರು ಒಪ್ಪಲಿಲ್ಲ. 'ಹೆಣ್ಣು, ಬದುಕು, ಸ್ವಾತಂತ್ರ್ಯ' ಎಂಬ ಕುರ್ದ್ ಘೋಷಣೆ ಇಡೀ ದೇಶದ ಘೋಷಣೆ ಆಯಿತು. ಸುದ್ದಿ ಹೊರಗೆ ತಂದ ನೀಲೂಫರ್ ಹಮೇದಿ, ಎಲಾಹೆ ಮೊಹಮ್ಮದಿ ಎಂಬ ಇಬ್ಬರು ಪತ್ರಕರ್ತೆಯರು ಜೈಲು ಸೇರಿದರು. ಡಿಸೆಂಬರ್ 8ಕ್ಕೆ ಪ್ರತಿಭಟನೆಗೆ ಸಂಬಂಧಿಸಿ ಮೊದಲ ಯುವಕನನ್ನು ಗಲ್ಲಿಗೇರಿಸಿದರು.

ಇಷ್ಟು ನಮ್ಮ ಮಾಮಾಗೂ ಗೊತ್ತು. ನನಗೆ ಗೊತ್ತಿರದಿದ್ದದ್ದು ಇದರ ಹಿಂದಿನ ಕಥೆ. ಆಮೇಲೆ ಕೂತು ಓದಿದೆ.

1936ರ ಜನವರಿ 8ರಂದು ಇರಾನಿನ ದೊರೆ ರೆಜಾ ಶಾ ಪಹ್ಲವಿ ಹೆಂಗಸರು ತಲೆ ಮುಚ್ಚಿಕೊಳ್ಳುವುದನ್ನೇ ನಿಷೇಧಿಸಿದ. ದೇಶವನ್ನು ಆಧುನಿಕ ಮಾಡುವ ಹುಮ್ಮಸ್ಸು ಅವನಿಗೆ. ಪೊಲೀಸರು ಬೀದಿಯಲ್ಲಿ ಹೆಂಗಸರ ಚಾದರ ಎಳೆದು ಹರಿದರು. ಏನಾಯಿತು? ಎಷ್ಟೋ ಹೆಂಗಸರು ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟರು. ಎಷ್ಟೋ ಅಪ್ಪಂದಿರು ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಿದರು. 1941ರಲ್ಲಿ ಶಾ ಪಟ್ಟ ಬಿಟ್ಟ ಮೇಲೆ ಚಾದರ ವಾಪಸ್ಸು ಬೀದಿಗೆ ಬಂತು. ಅವನ ಮಗನ ಕಾಲದ ಕೊನೆಗೆ, ಯಾವತ್ತೂ ಚಾದರ ಹೊದೆಯದ ವಿಶ್ವವಿದ್ಯಾಲಯದ ಹುಡುಗಿಯರೂ ಶಾ ವಿರುದ್ಧದ ಸಿಟ್ಟಿಗೆ ಅದನ್ನು ಹೊದ್ದು ಮೆರವಣಿಗೆಗೆ ಬಂದರು.

ಆ ಹುಡುಗಿಯರಿಗೆ ಸಿಕ್ಕಿದ್ದೇನು? 1979ರ ಫೆಬ್ರವರಿಯಲ್ಲಿ ಕ್ರಾಂತಿ ಗೆದ್ದಿತು. ಮಾರ್ಚ್ 7ಕ್ಕೆ ಖೊಮೇನಿ, ಸರ್ಕಾರಿ ಕಚೇರಿಗೆ ಬರುವ ಹೆಂಗಸರು ಹಿಜಾಬ್ ಹಾಕಿಕೊಂಡೇ ಬರಬೇಕು ಅಂದರು. ಮರುದಿನ ಮಹಿಳಾ ದಿನ. ಸಾವಿರಾರು ಹೆಂಗಸರು ತೆಹರಾನಿನ ಬೀದಿಗೆ ಇಳಿದರು. ಕ್ರಾಂತಿಯ ಒಂದು ತಿಂಗಳೂ ತುಂಬಿರಲಿಲ್ಲ! 1983ರಲ್ಲಿ ಹಿಜಾಬ್ ಇಲ್ಲದೆ ಕಾಣಿಸಿಕೊಂಡರೆ 74 ಛಡಿ ಏಟಿನವರೆಗೆ ಶಿಕ್ಷೆ ಅಂತ ಕಾನೂನೇ ಬಂತು.

ಒಬ್ಬ ತೆಗೆಸಿದ, ಇನ್ನೊಬ್ಬ ಹಾಕಿಸಿದ. ಎರಡೂ ಸಲ ಹೆಂಗಸಿನ ಮುಂದೆ ನಿಂತವನು ಪೊಲೀಸು. ಮಾಮಾ ಕಳಿಸಿದ ವಿಡಿಯೋದ ಹುಡುಗಿಯರು ಬೈಯುತ್ತಿದ್ದದ್ದು ಆ ಪೊಲೀಸಿಗೆ. ಆ ಚಳವಳಿಯ ಫೋಟೋಗಳಲ್ಲಿ ತಲೆ ಮುಚ್ಚಿಕೊಂಡವರೂ ಬಿಟ್ಟವರೂ ಪಕ್ಕಪಕ್ಕ ನಿಂತಿದ್ದಾರೆ. ನಾವು ನೋಡಿದ್ದು ಬೆಂಕಿಯನ್ನು ಮಾತ್ರ.

ಇಲ್ಲಿ ಒಂದು ಅಡ್ಡ ಮಾತು. ಚಾದರ ಎನ್ನುವುದು ಪಾರ್ಸಿ ಶಬ್ದ. ನಮ್ಮ ಕಡೆ ಚಾದರ ಅಂದರೆ ಹೊದೆಯುವ ವಸ್ತ್ರ, ಸೊಲ್ಲಾಪುರದ ಚಾದರ ಇಲ್ಲದ ಮನೆ ಇಲ್ಲ. ಅಲ್ಲಿ ಹೆಂಗಸರು ತಲೆಯಿಂದ ಕಾಲಿನವರೆಗೆ ಹೊದೆಯುವ ಬಟ್ಟೆಗೂ ಅದೇ ಹೆಸರು. ಇದು ಬಂದ ದಾರಿ ದೂರದ್ದೇನಲ್ಲ, ಜಮಖಂಡಿಯಿಂದ ಬಸ್ ಹತ್ತಿದರೆ ಸಿಗುವ ಬಿಜಾಪುರದ್ದು. ಆದಿಲ್‌ಶಾಹಿ ಆಸ್ಥಾನದ ಭಾಷೆ ಪಾರ್ಸಿ, ಇರಾನಿನಿಂದ ಬಂದ ಕವಿಗಳು, ಕುಶಲಕರ್ಮಿಗಳು ಅಲ್ಲಿ ತುಂಬಿದ್ದರು. ಶಿಯಾ ಪಂಥವೂ ಹಾಗೇ ಬಂತು. ಇವತ್ತಿಗೂ ನಮ್ಮ ಹಳ್ಳಿಗಳಲ್ಲಿ ಮೊಹರಂ ಬಂದರೆ ಕರ್ಬಲಾದ ರಿವಾಯತ್ ಪದ ಹಾಡುವವರಲ್ಲಿ ಅರ್ಧಕ್ಕರ್ಧ ಹಿಂದೂಗಳು. ನಮ್ಮ ಮಾಮಾ ಕೂಡ ಸಣ್ಣವನಿದ್ದಾಗ ಹುಲಿವೇಷ ಹಾಕಿದವನೇ. ಇರಾನ್ ಅಂದಕೂಡಲೇ ಬೇರೆ ಗ್ರಹ ಅನ್ನುವಂತೆ ಮಾತಾಡುತ್ತಾನಲ್ಲ ಅಂತ ನಗು ಬರುತ್ತದೆ.

ಸರಿ, ವಿಷಯಕ್ಕೆ ಬರೋಣ. ನೀವು ಕೇಳುವುದು ಗೊತ್ತಿದೆ. "ಇರಾನಿನದೂ ಕರ್ನಾಟಕದ್ದೂ ಒಂದೇ ಏನು? ಇಲ್ಲಿ ಯಾರನ್ನು ಗಲ್ಲಿಗೇರಿಸಿದರು?" ಒಂದೇ ಅಲ್ಲ. ಅಲ್ಲಿ ಬೀದಿಯ ಕಾನೂನು, ಇಲ್ಲಿ ತರಗತಿಯ ನಿಯಮ. ಅಲ್ಲಿ ಛಡಿ, ಜೈಲು. ಇಲ್ಲಿ ಗೇಟಿನಿಂದ ವಾಪಸ್ಸು. ಇಲ್ಲಿ ಹುಡುಗಿಯರು ಸುಪ್ರೀಂ ಕೋರ್ಟಿನವರೆಗೆ ಹೋದರು, ಅಲ್ಲಿ ಹಾಗೆ ಹೋಗಿ ಕೇಳಲು ಒಂದು ನ್ಯಾಯಸ್ಥಾನ ಇರಲಿಲ್ಲ. ಸಮವಸ್ತ್ರಕ್ಕೂ ನಾನು ವಿರೋಧಿ ಅಲ್ಲ. ಹೈಸ್ಕೂಲಿನಲ್ಲಿ ಎಲ್ಲರದೂ ಒಂದೇ ಅಂಗಿ ಇದ್ದದ್ದರಿಂದಲೇ ನೇಕಾರನ ಮಗ ಸಾಹುಕಾರನ ಮಗ ಅಂತ ಗೊತ್ತಾಗದೆ ಬಚಾವಾದವನು ನಾನು. ಇನ್ನೊಂದು, ಹಿಜಾಬನ್ನು ಎಲ್ಲ ಹುಡುಗಿಯರೂ ಮನಸಾರೆ ಹಾಕುತ್ತಾರೆ ಅಂತಲೂ ನಾನು ನಂಬುವುದಿಲ್ಲ. ಮನೆಯಲ್ಲಿ ಅಪ್ಪ, ಅಣ್ಣ, ಓಣಿಯ ಹಿರಿಯರು ಇದ್ದೇ ಇರುತ್ತಾರೆ. ನಮ್ಮವ್ವ ಹಿರಿಯರ ಮುಂದೆ ತಲೆ ಮೇಲೆ ಸೆರಗು ಎಳೆದುಕೊಳ್ಳುವುದೂ ಅವಳು ಕೂತು ಯೋಚಿಸಿ ಆರಿಸಿಕೊಂಡದ್ದೇನಲ್ಲ.

ಆದರೆ ಆ ಬಲವಂತದಿಂದ ಅವಳನ್ನು ಬಿಡಿಸುವ ದಾರಿ ಯಾವುದು? ನನಗೆ ತಿಳಿದಂತೆ ಕಾಲೇಜು. ಓದು, ಒಂದು ನೌಕರಿ, ಕೈಯಲ್ಲಿ ನಾಲ್ಕು ಕಾಸು. ಆ ಕಾಲೇಜಿನ ಗೇಟನ್ನೇ ಹಾಕಿಬಿಟ್ಟರೆ ಗೆಲ್ಲುವವನು ಮನೆಯಲ್ಲಿ 'ಬೇಡ' ಅನ್ನುವ ಅಪ್ಪನೇ. 1936ರಲ್ಲಿ ಇರಾನಿನಲ್ಲಿ ಆದದ್ದು ಇದು, ನಮ್ಮ ಓಣಿಯಲ್ಲಿ ನಾನು ಕಣ್ಣಾರೆ ಕಂಡದ್ದೂ ಇದು. ಸಮವಸ್ತ್ರದ ಬಣ್ಣದ್ದೇ ಒಂದು ಓಢಣಿ ಅಂತ ಮಾಸ್ತರರು, ತಾಯಂದಿರು ಕೂತು ಮುಗಿಸಬಹುದಾದ ಮಾತಿಗೆ ಕೇಸರಿ ಶಾಲು, ಕಲ್ಲು, ಲಾಠಿ, ಆದೇಶ ಎಲ್ಲ ಬಂದವು.

ಸರ್ಕಾರ ಬಂದು ಮೈಮೇಲಿನದನ್ನು ತೆಗೆದಿಡು ಅಂದರೆ ಏನಾಗುತ್ತದೆ ಅಂತ ನಮ್ಮ ಸೀಮೆಗೆ ಹೊರಗಿನವರು ಹೇಳಿಕೊಡಬೇಕಿಲ್ಲ. ಮುಧೋಳ ತಾಲ್ಲೂಕಿನ ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸುವುದಿಲ್ಲ ಅಂತ ಬ್ರಿಟಿಷರಿಗೆ ತಿರುಗಿಬಿದ್ದರು. ಊರು ಸುಟ್ಟರು, ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ನೇಣಿಗೆ ಹಾಕಿದರು. ಅವರ ಲಾವಣಿಯನ್ನು ಫ್ಲೀಟ್ ಸಾಹೇಬ ಸಂಗ್ರಹಿಸಿಟ್ಟ, ನಾವು ಎದೆ ಉಬ್ಬಿಸಿ ಕೇಳುತ್ತೇವೆ. ಬಂದೂಕಿಗೂ ಓಢಣಿಗೂ ಹೋಲಿಕೆ ಏನು ಅಂತ ಜಗಳಕ್ಕೆ ಬರಬೇಡಿ. ಬಂದೂಕಿನಿಂದ ಪ್ರಾಣ ಹೋಗುತ್ತದೆ ಅನ್ನುವುದು ನನಗೂ ಗೊತ್ತು :)

ದೊಡ್ಡವರೂ ಇರಾನನ್ನು ಮಾಮಾನ ಹಾಗೆಯೇ ಬಳಸಿದರು. ಸುಪ್ರೀಂ ಕೋರ್ಟಿನಲ್ಲಿ ಇದೇ ಪ್ರಕರಣದ ವಿಚಾರಣೆ ನಡೆದದ್ದು 2022ರ ಸೆಪ್ಟೆಂಬರಿನಲ್ಲಿ, ಮಹ್ಸಾ ಸತ್ತ ಅದೇ ದಿನಗಳಲ್ಲಿ. ಕರ್ನಾಟಕ ಸರ್ಕಾರದ ಪರ ವಾದಿಸಿದ ಸಾಲಿಸಿಟರ್ ಜನರಲ್ ತುಷಾರ್ ಮೆಹ್ತಾ, ಇರಾನಿನಲ್ಲಿ ಹೆಂಗಸರೇ ಹಿಜಾಬ್ ವಿರುದ್ಧ ಹೋರಾಡುತ್ತಿದ್ದಾರೆ ಅಂತ ನ್ಯಾಯಪೀಠದ ಮುಂದೆ ಹೇಳಿದರು. ಒಳ್ಳೆಯದು. ಎರಡು ತಿಂಗಳ ನಂತರ, ನವೆಂಬರ್ 24ರಂದು, ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿಯಲ್ಲಿ ಅದೇ ಇರಾನಿ ಹೆಂಗಸರ ಮೇಲಿನ ದೌರ್ಜನ್ಯದ ತನಿಖೆಗೆ ಮತ ಹಾಕುವ ಸಮಯ ಬಂತು. ಪರ 25, ವಿರೋಧ 6, ತಟಸ್ಥ 16. ಭಾರತ ತಟಸ್ಥ. ಮುಂದಿನ ತಿಂಗಳು ಮಹಿಳಾ ಆಯೋಗದಿಂದ ಇರಾನನ್ನು ತೆಗೆಯುವ ಮತದಲ್ಲೂ ತಟಸ್ಥ. ನಮಗೆ ಚಾಬಹಾರ್ ಬಂದರು ಬೇಕು, ಅಫ್ಘಾನಿಸ್ತಾನಕ್ಕೆ ಪಾಕಿಸ್ತಾನ ಬಿಟ್ಟು ದಾರಿ ಬೇಕು. ವಿದೇಶಾಂಗ ನೀತಿ ಅಂದರೆ ಹಾಗೇ ಇರುತ್ತದೆ, ಅದಕ್ಕೆ ನಾನು ತೀರಾ ಬೈಯುವುದಿಲ್ಲ. ಆದರೆ ಇರಾನಿನ ಹೆಣ್ಣುಮಗಳು ದಿಲ್ಲಿಯ ಕೋರ್ಟಿನಲ್ಲಿ ಸಾಕ್ಷಿ ಆಗುತ್ತಾಳೆ, ಜಿನೀವಾದಲ್ಲಿ ಅಪರಿಚಿತಳಾಗುತ್ತಾಳೆ ಅಂದರೆ ಏನನ್ನಬೇಕು? ನಾವು ಬೆಂಬಲಿಸದ ಆ ತನಿಖಾ ತಂಡವೇ 2024ರ ಮಾರ್ಚಿನಲ್ಲಿ, ಮಹ್ಸಾ ಸತ್ತದ್ದು ವಶದಲ್ಲಿದ್ದಾಗ ನಡೆದ ದೈಹಿಕ ಹಿಂಸೆಯಿಂದ ಅಂತ ಹೇಳಿತು.

ಹೊರಗಿನ ಉದ್ಧಾರಕರ ಕಥೆಯೂ ಇಷ್ಟೇ. 1953ರಲ್ಲಿ ಅಮೆರಿಕ, ಬ್ರಿಟನ್ ಸೇರಿ ಮೊಸಾದ್ದೆಕ್ ಸರ್ಕಾರವನ್ನು ಕೆಡವಿದವು, ತೈಲವನ್ನು ರಾಷ್ಟ್ರೀಕರಣ ಮಾಡಿದ್ದು ಅವನ ತಪ್ಪು. ಆಮೇಲೆ ಇರಾನಿನಲ್ಲಿ ಯಾರು ಬೀದಿಗಿಳಿದರೂ ಅಲ್ಲಿನ ಸರ್ಕಾರಕ್ಕೆ 'ವಿದೇಶಿ ಕೈವಾಡ' ಅನ್ನಲು ಒಂದು ರೆಡಿಮೇಡ್ ಕಾರಣ ಸಿಕ್ಕಿತು. 2025ರ ಜೂನಿನ ಯುದ್ಧದಲ್ಲಿ ಇಸ್ರೇಲ್ ತೆಹರಾನಿನ ಎವಿನ್ ಜೈಲಿನ ಮೇಲೆ ಬಾಂಬು ಹಾಕಿತು. ಹಿಜಾಬ್ ಕಾನೂನಿಗೆ ಎದುರು ನಿಂತ ಎಷ್ಟೋ ಹೆಂಗಸರನ್ನು ಕೂಡಿಹಾಕಿದ್ದ ಜೈಲು ಅದು. ಇರಾನಿನ ನ್ಯಾಯಾಂಗ ಕೊಟ್ಟ ಲೆಕ್ಕದಲ್ಲಿ ಸತ್ತವರು 71 ಜನ. ಅದರಲ್ಲಿ ಕೈದಿಗಳೂ, ಅವರನ್ನು ನೋಡಲು ಬಂದವರೂ ಇದ್ದರು.

ನಮ್ಮ ಸುಪ್ರೀಂ ಕೋರ್ಟಿನ ತೀರ್ಪು 2022ರ ಅಕ್ಟೋಬರ್ 13ಕ್ಕೆ ಬಂತು, ಎರಡು ಹೋಳಾಗಿ. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಹೈಕೋರ್ಟು ಸರಿ ಅಂದರು. ನ್ಯಾಯಮೂರ್ತಿ ಸುಧಾಂಶು ಧೂಲಿಯಾ, ತಮ್ಮ ಮನಸ್ಸಿನಲ್ಲಿ ಎಲ್ಲಕ್ಕಿಂತ ಮೇಲೆ ಇದ್ದದ್ದು ಹೆಣ್ಣುಮಗುವಿನ ಓದು ಅಂತ ಬರೆದು ಸರ್ಕಾರದ ಆದೇಶ ರದ್ದು ಮಾಡಿದರು. ವಿಷಯ ದೊಡ್ಡ ಪೀಠಕ್ಕೆ ಹೋಯಿತು. ಸರ್ಕಾರ ಬದಲಾಗಿ, 2023ರ ಡಿಸೆಂಬರಿನಲ್ಲಿ ಸಿದ್ದರಾಮಯ್ಯ ನಿರ್ಬಂಧ ವಾಪಸ್ ಅಂದರು, ಮರುದಿನ ಇನ್ನೂ ಯೋಚಿಸುತ್ತಿದ್ದೇವೆ ಅಂದರು. ಅಷ್ಟೊತ್ತಿಗೆ ನಮ್ಮ ಓಣಿಯ ಹುಡುಗಿ ಪಿಯುಸಿ ಮುಗಿಸಿದ್ದರೆ ಡಿಗ್ರಿ ಮೊದಲನೇ ವರ್ಷದಲ್ಲಿ ಇರಬೇಕಿತ್ತು. ಅವಳು ಅವ್ವನ ಪಕ್ಕ ಕೂತು ಕಂಡಿಕಿ ಸುತ್ತುತ್ತಿದ್ದಳು. ಆಮೇಲೆ ಬೀಳಗಿ ಕಡೆ ಮದುವೆ ಮಾಡಿಕೊಟ್ಟರು. ನನಗೆ ರಜೆ ಸಿಗಲಿಲ್ಲ, ಮದುವೆಗೆ ಹೋಗಲಿಲ್ಲ.

ಮೊನ್ನೆ ಊರಿಗೆ ಹೋದಾಗ ಅವಳವ್ವ ಕಂಡಿಕಿ ಬುಟ್ಟಿ ಇಳಿಸಿ ನನ್ನ ಹತ್ತಿರ ಬಂದಳು. ಸಣ್ಣ ಮಗಳು ಎಸ್ಸೆಸ್ಸೆಲ್ಸಿ ಪಾಸಾಗಿದ್ದಾಳೆ. "ಯಾವ ಕಾಲೇಜಿಗೆ ಹಚ್ಚೋದು ತಮ್ಮಾ? ತಲಿ ಮ್ಯಾಲ ಹಾಕ್ಕೊಂಡ್ರ ಒಳಗ ಬಿಡ್ತಾರೇನು? ಅವರಪ್ಪ ಮತ್ತ ಅದನ್ನೇ ಕೇಳಾಕತ್ತಾನ" ಅಂದಳು. ನಾನೇ ಬಂದು ಪ್ರಿನ್ಸಿಪಾಲರ ಹತ್ತಿರ ಕೇಳುತ್ತೇನೆ ಅಂದೆ. ಅಪ್ಪನ ಜೊತೆಗೂ ಮಾತಾಡಬೇಕು, ಅದು ಇನ್ನೂ ಕಷ್ಟದ ಕೆಲಸ. ಸೋಮವಾರಕ್ಕೆ ರಜೆ ಹಾಕಿದ್ದೇನೆ. ಹತ್ತು ಗಂಟೆಗೆ ಕಾಲೇಜು ತೆರೆಯುತ್ತದಂತೆ.